ಸಯಾಟಿಕಾ ರಾಯರು

ಯಲಹಂಕ ನ್ಯೂಟೌನಿನ ಯಾವ ಪಾರ್ಕಿಗೆ ಹೋದರೂ ಮಂಕಿ ಕ್ಯಾಪ್ ಹಾಕಿದ ಒಬ್ಬ ಸಯಾಟಿಕಾ ರಾಯರು ಸಿಕ್ಕೇ ಸಿಗುತ್ತಾರೆ. ನಮ್ಮ ಪಾರ್ಕಿನ ರಾಯರು 1984ರಲ್ಲಿ ಉದ್ಘಾಟನೆಯಾದ ಇಲ್ಲಿನ ವೀಲ್ ಅಂಡ್ ಆಕ್ಸಲ್ ಪ್ಲಾಂಟಿನಲ್ಲಿ ದುಡಿದು ರಿಟೈರಾದವರು. ಅದರ ಹೆಸರು ರೈಲ್ ವೀಲ್ ಫ್ಯಾಕ್ಟರಿ ಎಂದಾಗಿ ಎಷ್ಟೋ ಕಾಲವಾಯಿತು, ರಾಯರ ಬಾಯಿಗೆ ಮಾತ್ರ ಆ ಆದೇಶ ಇನ್ನೂ ತಲುಪಿಲ್ಲ.

ಕುಂಟುವವರು ಕಂಡರೆ ಸಾಕು, "ಎಡವೋ ಬಲವೋ?" ಎನ್ನುತ್ತಾ ಜೊತೆಗೆ ಹೆಜ್ಜೆ ಹಾಕುತ್ತಾರೆ. "ಮೈಯಲ್ಲೆಲ್ಲಾ ದಪ್ಪ ನರ ಈ ಸಯಾಟಿಕ್ ನರಾನೇ ಕಣ್ರೀ. ಸೊಂಟದ ಜಂಕ್ಷನ್ ಬಿಟ್ಟು, ಕುಂಡಿ, ತೊಡೆ, ಮೀನಖಂಡ, ಎಲ್ಲಾ ಸ್ಟೇಷನ್ನಲ್ಲೂ ನಿಂತು ಪಾದಕ್ಕೆ ಹೋಗತ್ತೆ. ಮೇಲೆ ಡಿಸ್ಕ್ ಒತ್ತಿದ್ರೆ ಕೆಳಗಿನವರೆಗೂ ಬೊಬ್ಬೆ!" ಮುಂದಿನ ಪ್ರಶ್ನೆ, "ಪರ್ಸ್ ಎಲ್ಲಿಡ್ತೀರಿ?" ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಹಿಂದಿನ ಜೇಬಿನ ದಪ್ಪ ಪರ್ಸಿನ ಮೇಲೆ ಓರೆಯಾಗಿ ಕೂತು ಬರುವ ಮಾನ್ಯತಾ ಟೆಕ್ ಪಾರ್ಕಿನ ಹುಡುಗರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಪರ್ಸಿನ ವಿಷಯ ಡಾಕ್ಟರುಗಳೂ ಹೇಳುವಂಥದ್ದೇ.

ಆಮೇಲೆ ಚಿಕಿತ್ಸೆ. ಪಾರಿಜಾತದ ಎಲೆಯ ಕಷಾಯ, ಲಕ್ಕಿ ಸೊಪ್ಪಿನ ಶಾಖ, ಎಕ್ಕದೆಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟುವುದು, ಮೇಲೊಂದು ಭುಜಂಗಾಸನ. ಆಸನ ಎಲ್ಲರಿಗೂ ಒಗ್ಗುವುದಿಲ್ಲ, ಕಾಲಿನ ಸೆಳೆತ ಹೆಚ್ಚಿದರೆ ನಿಲ್ಲಿಸಬೇಕು. ಅದನ್ನು ಹೇಳುವುದು ರಾಯರಲ್ಲ, ರಾಯರ ಹೆಂಡತಿ. ಹಿಂದೆ ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುತ್ತಿದ್ದರು, ಈಗ ತಡೆಯುವಷ್ಟು ನಡೆದಾಡಿ ಎನ್ನುತ್ತಾರೆ ವೈದ್ಯರು. ರಾಯರ ಉಪನ್ಯಾಸ ಮುಗಿಯುವಷ್ಟರಲ್ಲಿ ರೋಗಿ ತನಗರಿವಿಲ್ಲದೆ ಮೂರು ಸುತ್ತು ಹಾಕಿರುತ್ತಾನೆ. ಕಷಾಯಕ್ಕಿಂತ ಆ ಸುತ್ತುಗಳೇ ಕೆಲಸ ಮಾಡುತ್ತವೆಂದು ನನ್ನ ಗುಮಾನಿ. ಬಹುಪಾಲು ಜನಕ್ಕೆ ಈ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಯಾವ ಸೊಪ್ಪು ಒಲೆಯ ಮೇಲಿತ್ತೋ ಕೀರ್ತಿಯೆಲ್ಲ ಅದಕ್ಕೆ.

ಒಂದು ವಿಷಯದಲ್ಲಿ ಮಾತ್ರ ರಾಯರದು ತಮಾಷೆಯಲ್ಲ. ಪಾದ ಎತ್ತಲಾಗುತ್ತಿಲ್ಲ, ಒಳತೊಡೆ ಜೋಮು ಹಿಡಿದಿದೆ, ಮೂತ್ರದ ಹಿಡಿತ ತಪ್ಪಿದೆ ಎಂದರೆ ಸೊಪ್ಪಿನ ಕವರು ಹಿಂದಕ್ಕೆ ಸರಿಯುತ್ತದೆ. "ನಡೀರಿ ಆಸ್ಪತ್ರೆಗೆ, ಈಗಲೇ" ಎಂದು ತಾವೇ ಆಟೋ ನಿಲ್ಲಿಸಿ, ಚೌಕಾಸಿಯನ್ನೂ ಮಾಡದೆ ಹತ್ತಿಸುತ್ತಾರೆ.

ಮೊನ್ನೆ, ಗುಣವಾದ ಬ್ಯಾಂಕ್ ಮ್ಯಾನೇಜರರೊಬ್ಬರು ನಾಲ್ಕು ಜನರ ಮುಂದೆ "ಬಿಸಿನೀರಿನ ಬ್ಯಾಗಿಂದ ವಾಸಿಯಾಯ್ತು" ಎಂದುಬಿಟ್ಟರು. ಅಂದಿನಿಂದ ರಾಯರು ಅವರೊಡನೆ ಮಾತು ಬಿಟ್ಟಿದ್ದಾರೆ. ಮ್ಯಾನೇಜರರಿಗೆ ಈಗ ಮಂಡಿ ಹಿಡಿದುಕೊಂಡಿದೆಯಂತೆ. ಮಂಡಿನೋವು ಪಾರ್ಕಿನ ಆಚೆ ಬೆಂಚಿನ ಸಾವಿತ್ರಮ್ಮನವರ ಇಲಾಖೆ. ಆದರೂ ನಿನ್ನೆಯಿಂದ ರಾಯರ ಕವರಿನಲ್ಲಿ ಮೆಂತ್ಯದ ಪೊಟ್ಟಣವೂ ಕಾಣಿಸಿಕೊಂಡಿದೆ.