ಪ್ರಥಮಪಂದ್ಯ ಮೀಮಾಂಸೆ

ಶಾಸ್ತ್ರ ಬರೆಯಲು ಕೂತವನು ಮೊದಲು ವಿಷಯ ಏನು, ಓದಲು ಅಧಿಕಾರಿ ಯಾರು, ಪ್ರಯೋಜನ ಏನು ಎಂಬುದನ್ನು ಹೇಳಿಯೇ ಮುಂದುವರಿಯಬೇಕೆಂದು ಹಿರಿಯರ ಕಟ್ಟಳೆ. ವಿಷಯ: ಪ್ರತಿ ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ (ಆರ್‌ಸಿಬಿ) ತಂಡ ಆಡುವ ಮೊದಲನೇ ಪಂದ್ಯ, ಮತ್ತು ಅದರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲೂಕುಗಳ ಪ್ರಜೆಗಳ ಮೈಮನಸ್ಸಿನಲ್ಲಿ ಏಳುವ ವಿಕಾರಗಳು. ಅಧಿಕಾರಿ: ಹದಿನೇಳು ಸೀಸನ್ ಕಪ್ ಕಾಣದಿದ್ದರೂ ಕೆಂಪು ಜೆರ್ಸಿಯನ್ನು ನೆಲ ಒರೆಸಲು ಕೊಡದವನು. (ಮೇ ತಿಂಗಳಲ್ಲಿ ಕೊಟ್ಟು, ಮಾರ್ಚ್‌ನಲ್ಲಿ ವಾಪಸ್ ಕಿತ್ತುಕೊಂಡು ಒಗೆದು ತೊಟ್ಟವನಿಗೂ ಅಧಿಕಾರವುಂಟು.) ಪ್ರಯೋಜನ: ಯಾವುದೂ ಇಲ್ಲ. ಆದ್ದರಿಂದಲೇ ಇದು ಶುದ್ಧ ಶಾಸ್ತ್ರ.

ನಗರವನ್ನು ಬಿಟ್ಟು ಗ್ರಾಮಾಂತರವನ್ನೇ ಯಾಕೆ ಹಿಡಿದಿರಿ ಎಂದು ಕೇಳುವವರಿದ್ದಾರೆ. ನಗರದ ಅಭಿಮಾನಿ ಟಿಕೆಟ್ ಕೊಂಡಿರುತ್ತಾನೆ. ಅವನ ಕಣ್ಣೀರಿನಲ್ಲಿ ತಂಡದ ಸೋಲೆಷ್ಟು, ಟಿಕೆಟ್ಟಿನ ದುಡ್ಡೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ದೊಡ್ಡಬಳ್ಳಾಪುರದವನ ದುಃಖದಲ್ಲಿ ಇಂಥ ಬೆರಕೆಯಿಲ್ಲ. ಅವನಿಗೆ ಸ್ಟೇಡಿಯಂ ಹತ್ತಿರವೇ, ಆದರೆ ಮ್ಯಾಚು ಮುಗಿಯುವ ಹೊತ್ತಿಗೆ ಊರಿಗೆ ಬಸ್ಸು ಸಿಗುವುದು ಅನುಮಾನ. ಹೆಸರಿನಲ್ಲಿ ಬೆಂಗಳೂರುಂಟು, ಕೈಯಲ್ಲಿ ಪಾಸಿಲ್ಲ. ಹೆಸರಿನ ಮಾತು ಬಂತಲ್ಲ, ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ತಂಡ ‘ಬ್ಯಾಂಗಳೋರ್’ ಬಿಟ್ಟು ‘ಬೆಂಗಳೂರು’ ಆಯಿತು. ಮರುವರ್ಷ ಕಪ್ ಬಂತು. ಕಪ್ ಬಂದ ತಿಂಗಳೊಪ್ಪತ್ತಿನಲ್ಲೇ, 2025ರ ಜುಲೈ 2ರಂದು, ನಂದಿ ಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಜಿಲ್ಲೆಗೂ ಬೆಂಗಳೂರು ಉತ್ತರ ಎಂದು ಹೆಸರಿಡಲು ಒಪ್ಪಿತು. ಕಪ್‌ಗೂ ಜಿಲ್ಲೆಯ ಹೊಸ ಹೆಸರಿಗೂ ಕಾರ್ಯಕಾರಣ ಸಂಬಂಧವಿದೆ ಎಂದು ದೇವನಹಳ್ಳಿ ಪಂಥ ವಾದಿಸುತ್ತದೆ. ರಿಯಲ್ ಎಸ್ಟೇಟಿನವರನ್ನು ಕೇಳಿ ಎಂದು ಹೊಸಕೋಟೆ ಪಂಥ ನಗುತ್ತದೆ. ನಾನು ಎರಡನೆಯದರ ಕಡೆ.

ಮೂಲ ಪಾಠಕ್ಕೆ ಬರೋಣ. 2008ರ ಏಪ್ರಿಲ್ 18, ಚಿನ್ನಸ್ವಾಮಿ ಕ್ರೀಡಾಂಗಣ. ಐಪಿಎಲ್ ಎಂಬುದರ ಮೊತ್ತಮೊದಲ ಪಂದ್ಯವೇ ನಮ್ಮದು. ಕೋಲ್ಕತ್ತದ ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ ಔಟಾಗದೆ 158 ಹೊಡೆದ, ಕೋಲ್ಕತ್ತ 222 ಮಾಡಿತು. ನಮ್ಮವರು 15.1 ಓವರ್‌ನಲ್ಲಿ 82ಕ್ಕೆ ಮುಗಿದು 140 ರನ್ನಿಂದ ಸೋತರು. ದ್ರಾವಿಡ್, ಕಾಲಿಸ್, ಆಗಿನ್ನೂ ಹುಡುಗನಾಗಿದ್ದ ಕೊಹ್ಲಿ ಎಲ್ಲರೂ ಇದ್ದ ಆ ತಂಡದಲ್ಲಿ ಎರಡಂಕಿ ಮುಟ್ಟಿದವನು ಬೌಲರ್ ಪ್ರವೀಣ್ ಕುಮಾರ್ ಒಬ್ಬನೇ, 18 ರನ್. ಅವನಿಗಿಂತ ಹೆಚ್ಚು ಕೊಟ್ಟದ್ದು ಇತರೆ ರನ್ನುಗಳ ಖಾತೆ, 19. ಅಂದರೆ ನಮ್ಮ ಪರವಾಗಿ ಅಂದು ಅತಿ ಚೆನ್ನಾಗಿ ಆಡಿದ್ದು ಎದುರು ತಂಡ. ಶಾಸ್ತ್ರಕಾರರು ಇದನ್ನು ‘ಆದಿಮ ಆಘಾತ’ ಎನ್ನುತ್ತಾರೆ. ಆ ರಾತ್ರಿ ಟೀವಿ ಆರಿಸಿ ಎದ್ದ ಹಿರಿಯರೊಬ್ಬರು ‘ಬಿಡ್ರಪ್ಪಾ, ಫಸ್ಟ್ ಮ್ಯಾಚು ತಾನೇ’ ಎಂದರೆಂದು ಪ್ರತೀತಿ. ಅಲ್ಲಿಂದ ಇಲ್ಲಿಯವರೆಗೆ ಬಂದ ಅಷ್ಟೂ ಭಾಷ್ಯಗಳು ಈ ಒಂದೇ ಸೂತ್ರದ ವಿಸ್ತಾರ.

ಪೂರ್ವಪಕ್ಷ ಹೀಗಿದೆ: ಮೊದಲ ಪಂದ್ಯ ಗೆದ್ದರೆ ಕಪ್ ನಮ್ಮದೇ. ಇದಕ್ಕೆ 2009ನ್ನು ಸಾಕ್ಷಿಗೆ ಕರೆಯುತ್ತಾರೆ. ಕೇಪ್‌ಟೌನ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ರಾಜಸ್ಥಾನವನ್ನು 58ಕ್ಕೆ ಕಟ್ಟಿಹಾಕಿದೆವು, ಕುಂಬ್ಳೆ 5 ರನ್ ಕೊಟ್ಟು 5 ವಿಕೆಟ್ ತೆಗೆದರು. ನೆಲಮಂಗಲದ ಕಡೆ ಅಂದೇ ಕಪ್‌ಗೆ ಜಾಗ ಗೊತ್ತು ಮಾಡಿದವರಿದ್ದಾರೆ. ಫೈನಲ್ಲಿಗೆ ಹೋದೆವು, ಡೆಕ್ಕನ್ ಚಾರ್ಜರ್ಸ್‌ಗೆ 6 ರನ್ನಿಂದ ಸೋತೆವು. (ಅದೇ 6 ರನ್ನು 2025ರ ಫೈನಲ್ಲಿನಲ್ಲಿ ಪಂಜಾಬಿನಿಂದ ವಸೂಲಾಯಿತು. ಹದಿನಾರು ವರ್ಷದ ಸಾಲಕ್ಕೆ ಬಡ್ಡಿ ಬರಲಿಲ್ಲ ಎಂಬ ಕೊರಗು ಇನ್ನೂ ಇದೆ.)

ಪೂರ್ವಪಕ್ಷವನ್ನು ಬುಡಸಹಿತ ಕೀಳುವುದು ಮುಂಬೈ. ಆ ತಂಡ 2013ರಿಂದ 2025ರವರೆಗೆ ಒಂದು ವರ್ಷವೂ ತಪ್ಪದೆ ತನ್ನ ಮೊದಲ ಪಂದ್ಯ ಸೋತಿದೆ. ಅದೇ ಅವಧಿಯಲ್ಲಿ ಐದು ಕಪ್ ಎತ್ತಿದೆ. ಮೊದಲನೇ ಮ್ಯಾಚು ದೇವರಿಗೆ ಎಂದು ಅಲ್ಲಿನವರು ತಮಾಷೆ ಮಾಡುತ್ತಾರೆ. ತಮಾಷೆಯಲ್ಲಿ ನಮಗೊಂದು ಮುಳ್ಳಿದೆ. ಆ ಹದಿಮೂರು ಸೋಲುಗಳಲ್ಲಿ ಮೂರನ್ನು, 2013, 2021 ಮತ್ತು 2023ರಲ್ಲಿ, ಉಣಬಡಿಸಿದವರು ನಾವೇ. 2013ರಲ್ಲಿ ಚಿನ್ನಸ್ವಾಮಿಯಲ್ಲಿ 2 ರನ್ನಿಂದ ಗೆದ್ದು ಬೀದಿಬೀದಿಯಲ್ಲಿ ಪಟಾಕಿ ಹೊಡೆದೆವು. ಕಪ್ ಒಯ್ದವರು ಅವರು. ದೇವರಿಗೆ ಸಲ್ಲಬೇಕಾದ ಕಾಣಿಕೆಯನ್ನು ತಟ್ಟೆ ಹಿಡಿದು ಇಸಿದುಕೊಳ್ಳುವ ಅರ್ಚಕನ ಕೆಲಸ ಮೂರು ಸಲ ನಮ್ಮ ಪಾಲಿಗೆ ಬಂತು. ತಟ್ಟೆ ಕಾಸಿನಿಂದ ಯಾವ ಅರ್ಚಕನೂ ದೇವರಾಗಿಲ್ಲ.

ಹಾಗಾದರೆ ಸೋಲುವುದೇ ಲೇಸೇ? ಇದೂ ನಿಲ್ಲುವುದಿಲ್ಲ. 2019ರಲ್ಲಿ ಚೆನ್ನೈಯಲ್ಲಿ 70ಕ್ಕೆ ಆಲ್ ಔಟಾಗಿ ಮೊದಲ ಪಂದ್ಯವನ್ನು ಭಕ್ತಿಯಿಂದ ಅರ್ಪಿಸಿದೆವು. ಭಕ್ತಿ ಹೆಚ್ಚಾಗಿ ಎರಡನೆಯದನ್ನೂ ಕೊಟ್ಟೆವು, ಮೂರನೆಯದನ್ನೂ ಕೊಟ್ಟೆವು, ಆರರ ತನಕ ಸಾಲಾಗಿ ಕೊಟ್ಟೆವು. ಏಳನೆಯದನ್ನು ದೇವರೇ ಕೈಮುಗಿದು ವಾಪಸ್ ಮಾಡಿದ.

ಸಿದ್ಧಾಂತವೇನೆಂದರೆ, ಮೊದಲ ಪಂದ್ಯದ ಫಲಿತಾಂಶಕ್ಕೂ ಅಭಿಮಾನಿಯ ಪ್ರತಿಕ್ರಿಯೆಗೂ ಸಂಬಂಧವೇ ಇಲ್ಲ. ಟಾಸ್ ಹಾಕುವ ಮೊದಲೇ ಎರಡೂ ಉತ್ತರ ಅವನ ಬಾಯಲ್ಲಿ ತಯಾರಿರುತ್ತವೆ. ದೊಡ್ಡಬಳ್ಳಾಪುರ ತಾಲೂಕಿನ ಘಾಟಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಎದುರಿಗೆ ಕಾಣುವವನು ಸುಬ್ರಹ್ಮಣ್ಯ, ಬೆನ್ನ ಕಡೆ ಇರುವವನು ನರಸಿಂಹ, ಹಿಂದಿನ ಮುಖ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಮೊದಲ ಪಂದ್ಯವೂ ಹಾಗೆಯೇ. ಗೆದ್ದರೆ ‘ಈ ಸಲ ಕಪ್ ನಮ್ದೇ’ ಎಂಬ ಮುಖ, ಸೋತರೆ ‘ಫಸ್ಟ್ ಮ್ಯಾಚ್ ಲೆಕ್ಕಕ್ಕಿಲ್ಲ’ ಎಂಬ ಮುಖ. ಕನ್ನಡಿ ಅಭಿಮಾನಿಯ ಜೇಬಿನಲ್ಲಿದೆ.

ಭರತಮುನಿ ಹೇಳಿದ ರಸ ಎಂಟು, ಆಮೇಲೆ ಶಾಂತ ಸೇರಿ ಒಂಬತ್ತು. ಆರ್‌ಸಿಬಿ ನೋಡುವವನಿಗೆ ಇವು ಸಾಲವು. ಮೂವತ್ತಮೂರು ಸಂಚಾರಿಭಾವಗಳಲ್ಲಿ ನಿರ್ವೇದ, ಗ್ಲಾನಿ, ಶಂಕೆ, ಅಸೂಯೆ ಇಷ್ಟೂ ಪವರ್‌ಪ್ಲೇ ಮುಗಿಯುವುದರೊಳಗೆ ಬಂದು ಹೋಗಿರುತ್ತವೆ, ಉಳಿದವನ್ನು ಡೆತ್ ಓವರ್‌ಗಳು ನೋಡಿಕೊಳ್ಳುತ್ತವೆ. ಶಾಂತ ರಸಕ್ಕೆ ಮಾತ್ರ ಜಾಗ ಸಿಕ್ಕಿಲ್ಲ.

ಈಗ ಪ್ರಮಾಣ ವಿಚಾರ. ಇದರ ಪ್ರಯೋಗಶಾಲೆ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡು, ದಿನ 2025ರ ಮಾರ್ಚ್ 22, ಶನಿವಾರ. ಅಂದು ಕರ್ನಾಟಕ ಬಂದ್ ಬೇರೆ ಇತ್ತು, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಕೋಲ್ಕತ್ತದ ಮೇಲೆ ನಮ್ಮ ಮೊದಲ ಮ್ಯಾಚು ಏಳೂವರೆಗೆ. ಹೋರಾಟಕ್ಕೂ ಆಟಕ್ಕೂ ಮಧ್ಯೆ ಕೈಕಾಲು ತೊಳೆದು ಕಾಫಿ ಕುಡಿಯಲು ಒಂದೂವರೆ ಗಂಟೆ ಬಿಟ್ಟ ಆ ಶಿಸ್ತನ್ನು ಮೆಚ್ಚಲೇಬೇಕು. ಸೀರೆಗಿಷ್ಟು ಎಂದು ಕೂಲಿ ಇರುವಾಗ ಮ್ಯಾಚಿಗೆಂದು ಮಗ್ಗ ನಿಲ್ಲಿಸಲಾಗದು. ಮೊಬೈಲನ್ನು ಕಂಡಿಕೆ ಡಬ್ಬಿಗೆ ಒರಗಿಸಿ ಇಟ್ಟಿರುತ್ತಾರೆ. ಪವರ್‌ಲೂಮಿನ ಸದ್ದಿನಲ್ಲಿ ಕಾಮೆಂಟರಿ ಕೇಳುವ ಮಾತೇ ಇಲ್ಲ, ಪಕ್ಕದವನ ಮಾತಿಗೂ ಕಿವಿಗೆ ಬಾಯಿ ಇಡಬೇಕು. ಇನ್ನೊಂದು ತೊಡಕು: ಮೊಬೈಲಿನಲ್ಲಿ ಬರುವ ಆಟ ಎದುರು ಮನೆಯ ಕೇಬಲ್ ಟೀವಿಗಿಂತ ಹೆಚ್ಚುಕಡಿಮೆ ಒಂದು ಎಸೆತ ಹಿಂದೆ ಓಡುತ್ತಿರುತ್ತದೆ.

ಆದ್ದರಿಂದ ಆ ಮನೆಯ ಹುಡುಗ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಎರಡೂ ಕೈ ಎತ್ತಿದರೆ ಸಿಕ್ಸರ್, ತೋರುಬೆರಳು ಎತ್ತಿದರೆ ವಿಕೆಟ್, ಸೊಂಟದ ಮೇಲೆ ಕೈಯಿಟ್ಟು ನಿಂತರೆ ಕ್ಯಾಚು ಬಿಟ್ಟರು ಎಂದರ್ಥ. ಕೋಲ್ಕತ್ತ ಮೊದಲು ಬ್ಯಾಟಿಂಗ್ ಮಾಡಿ ರಹಾನೆ, ನರೈನ್ ಬಾರಿಸುತ್ತಿದ್ದಷ್ಟು ಹೊತ್ತು ಆ ಬಾಗಿಲು ಖಾಲಿ ಇತ್ತು. ಅಶುಭ ವಾರ್ತೆಗೆ ಹುಡುಗ ಎದ್ದು ಬರುವುದಿಲ್ಲ. ಬಾಗಿಲು ಖಾಲಿ ಎಂಬುದರಿಂದಲೇ ಫೋರ್ ಹೋಯಿತೆಂದು ತಿಳಿಯುವ ಈ ಕ್ರಮವನ್ನು ಮೀಮಾಂಸಕರು ಅನುಪಲಬ್ಧಿ ಎನ್ನುತ್ತಾರೆ, ಶೆಡ್ಡಿನವರು ‘ಯಾಕೋ ಬರ್ಲೇ ಇಲ್ವಲ್ಲಾ ಇವ್ನು’ ಎನ್ನುತ್ತಾರೆ. ಆಮೇಲೆ ನಮ್ಮ ಕೃಣಾಲ್ ಪಾಂಡ್ಯ ಬೌಲಿಂಗಿಗೆ ಬಂದ. ಹುಡುಗ ಓಡಿ ಬಂದು ಬೆರಳೆತ್ತಿದ. ಮೊಬೈಲಿನಲ್ಲಿ ರಿಂಕು ಸಿಂಗ್ ಇನ್ನೂ ಗ್ಲೌಸ್ ಸರಿಮಾಡಿಕೊಳ್ಳುತ್ತಿದ್ದಾನೆ, ಪಾಪ, ಬ್ಯಾಟು ನೆಲಕ್ಕೆ ಕುಟ್ಟುತ್ತಿದ್ದಾನೆ. ಅವನ ಆಯುಸ್ಸು ಮುಗಿದದ್ದು ನೇಕಾರನಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕುರುಕ್ಷೇತ್ರದಲ್ಲಿ ಅರ್ಜುನನಿಗೆ ಇಂಥದೊಂದು ದರ್ಶನ ಕೊಡಲು ಕೃಷ್ಣ ವಿಶ್ವರೂಪವನ್ನೇ ತಾಳಬೇಕಾಯಿತು. ನಮ್ಮಲ್ಲಿ ಐದನೇ ಕ್ಲಾಸಿನ ಹುಡುಗ ಸಾಕು.

ಹೀಗೆ ಶಬ್ದಪ್ರಮಾಣ ಮುಂದಾಗಿ ಪ್ರತ್ಯಕ್ಷ ಹಿಂದಾಗುವುದು ತರ್ಕಶಾಸ್ತ್ರದಲ್ಲಿ ಹೊಸದು. ಮತ್ತೊಂದು ಸೂಕ್ಷ್ಮವೂ ಉಂಟು. ಎಳೆ ಕಡಿದರೆ ನೇಕಾರ ಮಗ್ಗ ನಿಲ್ಲಿಸಿ, ಬಗ್ಗಿ, ಗಂಟು ಹಾಕಬೇಕು, ಅಷ್ಟು ಹೊತ್ತು ಕಣ್ಣು ಮೊಬೈಲಿನ ಮೇಲಿರುವುದಿಲ್ಲ. ನಾನು ಬಗ್ಗಿದಾಗಲೇ ವಿಕೆಟ್ ಬೀಳುವುದು ಎಂದು ಒಬ್ಬಾತ ಸಾಧಿಸುತ್ತಿದ್ದ. ಕಾಕತಾಳೀಯ ಅಂದರೆ ಒಪ್ಪಲಿಲ್ಲ. ‘ಹಂಗಾದ್ರೆ ಬೇಕಂತ್ಲೇ ಬಗ್ಗು’ ಎಂದು ಪಕ್ಕದ ಮಗ್ಗದಾತ ಕಿವಿಯಲ್ಲಿ ಕೂಗಿದ. ಈತ ಬಗ್ಗಿದ. ಕೋಲ್ಕತ್ತ 174ಕ್ಕೆ ನಿಂತಿತು. ನಮ್ಮವರ ಬ್ಯಾಟಿಂಗ್ ಬಂದಾಗ ಎಳೆ ಕಡಿದರೂ ಬಗ್ಗುವಂತಿಲ್ಲ ಎಂದು ಶೆಡ್ಡೇ ಅವನ ಮೇಲೆ ಕಣ್ಣಿಟ್ಟಿತು. ಸಾಲ್ಟ್ 56, ಕೊಹ್ಲಿ ಔಟಾಗದೆ 59, 16.2 ಓವರ್‌ನಲ್ಲಿ ಏಳು ವಿಕೆಟ್ ಗೆಲುವು. ಅಂದಿನ ಸೀರೆಯಲ್ಲಿ ಎಲ್ಲೋ ಒಂದು ಕಡೆ ಎಳೆ ತಪ್ಪಿದ ಗೆರೆ ಇರಲೇಬೇಕು. ಉಟ್ಟವರು ಯಾರೋ, ಅವರ ಋಣ ತಂಡದ ಮೇಲಿದೆ.

ಗೆದ್ದ ರಾತ್ರಿಯ ಉತ್ತರ ಮೀಮಾಂಸೆ ನಡೆಯುವುದು ಹೊಸಕೋಟೆಯಲ್ಲಿ. ಮಾರನೇ ದಿನ ಭಾನುವಾರ. ಬೆಳಕು ಹರಿಯುವ ಮೊದಲೇ ದಮ್ ಬಿರಿಯಾನಿಗೆ ಕ್ಯೂ ನಿಲ್ಲುವ ಪುಣ್ಯಭೂಮಿ ಅದು. ನಿದ್ದೆಗೆಟ್ಟ ಕಣ್ಣು, ಹಸಿದ ಹೊಟ್ಟೆ, ಮುಂದೆ ಐವತ್ತು ಜನ. ತತ್ವಚರ್ಚೆಗೆ ಇದಕ್ಕಿಂತ ಹದವಾದ ಕಾಲ ಇಲ್ಲ. ಹದಿನೆಂಟರ ವಾದ ಮಂಡನೆಯಾಗುವುದು ಇಲ್ಲಿಯೇ: ‘ನೋಡು ಮಗಾ, ಇದು ಹದಿನೆಂಟ್ನೇ ಸೀಸನ್ನು. ಕೊಹ್ಲಿ ಜೆರ್ಸಿ ಹದಿನೆಂಟು. ಮೊದಲ್ನೇ ಮ್ಯಾಚ್ ಆಡಿದ್ದು ಏಪ್ರಿಲ್ ಹದಿನೆಂಟು.’ ಹಿಂದಿನಿಂದ ಇನ್ನೊಬ್ಬ ಸೇರಿಸುತ್ತಾನೆ, ಎರಡನೇ ವರ್ಷದ ಮೊದಲ ಮ್ಯಾಚೂ ಏಪ್ರಿಲ್ 18ಕ್ಕೇ. ಪ್ರವೀಣ್ ಕುಮಾರನ 18 ರನ್ನನ್ನು ಯಾರೂ ಎತ್ತುವುದಿಲ್ಲ, ಆ ಪಂದ್ಯವನ್ನು ನೆನೆಯುವುದು ಮಡಿಗೆ ವಿರೋಧ. ಪುರಾಣ ಹದಿನೆಂಟು, ಭಾರತದ ಪರ್ವ ಹದಿನೆಂಟು, ಯುದ್ಧ ಹದಿನೆಂಟು ದಿನ, ಸೇನೆ ಹದಿನೆಂಟು ಅಕ್ಷೋಹಿಣಿ. ಇಷ್ಟಾದ ಮೇಲೆ ನಾಯಕ ಪಾಟೀದಾರ್ ಕಪ್ ಎತ್ತದಿದ್ದರೆ ವ್ಯಾಸರಿಗೇ ಅವಮಾನ.

ಸಂಖ್ಯೆಯ ಹುಚ್ಚು ನಮಗೊಬ್ಬರಿಗೇ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಅದರ ವರ್ಲ್ಡ್ ಸೀರೀಸ್ ಏಳು ಪಂದ್ಯದ್ದು, ನಾಲ್ಕು ಗೆದ್ದವರಿಗೆ ಕಪ್. ಶಿಕಾಗೊ ಕಬ್ಸ್ ತಂಡ 1908ರ ನಂತರ ಮತ್ತೆ ಗೆದ್ದದ್ದು 2016ರಲ್ಲಿ, ಸರಿಯಾಗಿ 108 ವರ್ಷಕ್ಕೆ. ಬೇಸ್‌ಬಾಲ್ ಚೆಂಡಿನ ಹೊಲಿಗೆಯೂ 108 ಜೋಡಿ. ಆ ಸರಣಿಯ ಮೊದಲ ಪಂದ್ಯದಲ್ಲಿ ಅವರು ಕ್ಲೀವ್‌ಲ್ಯಾಂಡ್‌ಗೆ 6-0ಯಿಂದ ಸೋತಿದ್ದರು. ಅಷ್ಟೋತ್ತರ ಶತ ವರ್ಷ ಕಾದವರ ಮುಂದೆ ಹದಿನೇಳು ವರ್ಷ ಕಾದ ನಾವು ಇನ್ನೂ ಸಂಕಲ್ಪ ಮಾಡಿಕೊಂಡಷ್ಟೇ. ಆದರೆ ಅಲ್ಲಿಯೂ ಆ ಸೋಲಿನ ರಾತ್ರಿ ಒಬ್ಬ ಹಿರಿಯ ಟೀವಿ ಆರಿಸುತ್ತಾ ‘ಬಿಡ್ರಪ್ಪಾ’ ಎಂದಿರಬೇಕೆಂದು ನನ್ನ ಊಹೆ.

ದೇವನಹಳ್ಳಿಯವರ ದೂರೊಂದನ್ನು ದಾಖಲಿಸದಿದ್ದರೆ ಅಲ್ಲಿನ ಚಕ್ಕೋತ ತಿಂದ ಋಣ ತೀರದು. ವಿಮಾನ ನಿಲ್ದಾಣ ಅವರ ತಾಲೂಕಿನದು. 2008ರ ಮೊದಲ ಪಂದ್ಯಕ್ಕೆ ಅದು ತೆರೆದಿರಲಿಲ್ಲ, ಮೇ 24ರಂದು ತೆರೆಯಿತು, ಸೋಲಿಗೆ ನಾವು ಜವಾಬ್ದಾರರಲ್ಲ ಎನ್ನುತ್ತಾರೆ. ಕಪ್ ಬಂದಾಗಲಾದರೂ ಇಲ್ಲಿ ಇಳಿಯುತ್ತದೆಂದು ಕಾದರೆ ಅದು ಹೆಚ್‌ಎಎಲ್‌ನಲ್ಲಿ ಇಳಿಯಿತು. ಆ ದಿನ, 2025ರ ಜೂನ್ 4ರ ಸಂಜೆ, ಚಿನ್ನಸ್ವಾಮಿಯ ಬಾಗಿಲಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಹನ್ನೊಂದು ಜನ ಸತ್ತರು. ಅದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ, ನಗುವವನ ಬಾಯಿ ಅಲ್ಲಿ ಮುಚ್ಚಿರಬೇಕು.

ಕೊನೆಗೆ ಆಕ್ಷೇಪ ಪ್ರಕರಣ. ನೆಲಮಂಗಲದ ಒಂದು ಬೇಕರಿಯ ಮುಂದೆ ಹದಿನೆಂಟರ ವಾದ ಜೋರಾಗಿ ನಡೆದಿತ್ತು. ಅಪ್ಪನ ಜೊತೆ ಬ್ರೆಡ್ಡು ಕೊಳ್ಳಲು ಬಂದಿದ್ದ ಹೈಸ್ಕೂಲಿನ ಹುಡುಗಿಯೊಬ್ಬಳು ಕೇಳಿಸಿಕೊಂಡು ನಿಂತಳು. ‘ಅಂಕಲ್, ಹೆಣ್ಮಕ್ಳ ಟೀಮು 2024ರಲ್ಲೇ ಕಪ್ ತಂದ್ರಲ್ಲ. ಫಸ್ಟ್ ಮ್ಯಾಚು ಯುಪಿ ಮೇಲೆ ಎರಡೇ ರನ್ನಲ್ಲಿ ಗೆದ್ದಿದ್ರು, ಆಶಾ ಐದು ವಿಕೆಟ್ ತೆಗ್ದಿದ್ರು. ಫೈನಲ್ಲಲ್ಲಿ ನಮ್ಮ ಶ್ರೇಯಾಂಕಾ ನಾಕು. ಅವ್ರಿಗೆ ಅದು ಬರೀ ಎರಡ್ನೇ ಸೀಸನ್ನು. ಆವಾಗ ಯಾವ ಪುರಾಣ ಲೆಕ್ಕ ಹಾಕಿದ್ರಿ?’

ಪೂರ್ವಪಕ್ಷದವರು ಸಿದ್ಧಾಂತದವರ ಮುಖ ನೋಡಿದರು. ಸಿದ್ಧಾಂತದವರು ಪಫ್ ಬಿಸಿ ಇದೆಯೇ ಎಂದು ವಿಚಾರಿಸಿದರು. ಬೇಕರಿಯಣ್ಣ ಟೀವಿ ಸೌಂಡು ಜಾಸ್ತಿ ಮಾಡಿದ.