ಜಾಲಸ್ಥ ಭಾವಚಿತ್ರಗಳು ಮತ್ತು ವಂಶವೃಕ್ಷ ತಂತ್ರಾಂಶ: ಎಡೆದೊರೆ ನಾಡನ್ನು ಅನುಲಕ್ಷಿಸಿ ಒಂದು ತೌಲನಿಕ ಅಧ್ಯಯನ

ಪ್ರಸ್ತಾವನೆ

ಕೃಷ್ಣೆ, ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನ ಸಾಂಸ್ಕೃತಿಕ ಸಂಕಥನದಲ್ಲಿ ಒಂದು ಗಂಭೀರ ಕೊರತೆ ಉಳಿದಿದೆ. ಒಂದು ಮನೆತನದ ಫೋಟೋಗಳೆಲ್ಲ ರಾಯಚೂರಿನ ಮನೆಯ ಟಿವಿ ಸ್ಟ್ಯಾಂಡಿನ ಕೆಳಗಿರುವ ನೆಟ್‌ವರ್ಕ್ ಡ್ರೈವಿನಲ್ಲಿದ್ದು, ಅದೇ ಮನೆತನದ ವಂಶವೃಕ್ಷ ದೇವದುರ್ಗದ ಕಾಕಾನ ಲ್ಯಾಪ್‌ಟಾಪಿನಲ್ಲಿದ್ದರೆ, ಇವೆರಡರ ನಡುವಿನ ‘ಚಿತ್ರ-ವಂಶ ಅನುಸಂಧಾನ’ದ ಗತಿಯೇನು? ಈ ಪ್ರಶ್ನೆಯೇ ಪ್ರಸ್ತುತ ಅಧ್ಯಯನದ ಉದ್ದೇಶ, ವ್ಯಾಪ್ತಿ, ಮಿತಿ ಮತ್ತು ಮಹತ್ವ. ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಮುಗಿಸಿದ್ದಕ್ಕೆ ಮಾರ್ಗದರ್ಶಕರು ಮುನಿಸಿಕೊಳ್ಳುತ್ತಾರೆ. ಅವರಿಗೆ ಒಂದೊಂದಕ್ಕೂ 20 ಪುಟ ಬೇಕು.

ಊಹಾಪ್ರಮೇಯ

ದಸರೆಗೆ ರಾಯಚೂರಿಗೆ ಬಂದಾಗ ಕಾಕಾನ ಲ್ಯಾಪ್‌ಟಾಪಿನಲ್ಲಿ ಎಲ್ಲರ ಮುಖಗಳೂ ಮೂಡುತ್ತವೆ. ದೇವದುರ್ಗಕ್ಕೆ ಮರಳಿದೊಡನೆ ಖಾಲಿ ಚೌಕಗಳು. ಫೋನಿನಲ್ಲಿ ಅವರು ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸುತ್ತೇನೆ: “ಫೋಟೋ ಅದಾವ, ಕಾಣವಲ್ವು.” ಇದ್ದೂ ಕಾಣದ ಈ ಸ್ಥಿತಿಯನ್ನು ನಾವು ‘ಅಗೋಚರ ಸದ್ಭಾವ’ ಎಂದು ಹೆಸರಿಸಿದ್ದೇವೆ. ‘ನಾವು’ ಎಂದರೆ ನಾನೊಬ್ಬನೇ. ಪ್ರಬಂಧದಲ್ಲಿ ಒಬ್ಬನೇ ಇರಕೂಡದಂತೆ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಓಡಾಡಿದ ನೆಲದಲ್ಲಿ ಇದಕ್ಕೊಂದು ತಾತ್ವಿಕ ಹಿನ್ನೆಲೆ ಒದಗಿಸುವುದು ಕಷ್ಟವಲ್ಲ. ಆದರೆ ದಾಸರನ್ನು ಈ ಪಾಪಕ್ಕೆ ಎಳೆಯಲಾರೆ.

ಪೂರ್ವಾಧ್ಯಯನ ಸಮೀಕ್ಷೆ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲಿದೆ. ಅದರ ಮೇಲೆ 1294ರ ಶಾಸನವೂ ಇದೆ, ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ದೃಶ್ಯದ ರೇಖಾಚಿತ್ರವೂ ಇದೆ. ಪಠ್ಯವೂ ಚಿತ್ರವೂ ಒಂದೇ ಬಂಡೆಯಲ್ಲಿರುವುದರಿಂದ ಕೊಂಡಿ ಕಡಿಯುವ ಮಾತೇ ಇಲ್ಲ. ಎತ್ತಿನ ಸಂಗಡ ಊರೂರು ತಿರುಗಿ, ಮನೆತನಗಳ ಪೀಳಿಗೆಗಳನ್ನು ಹೊತ್ತಿಗೆಯಿಂದ ಓದಿ ದವಸ ಪಡೆದು ಹೋಗುವ ಹೆಳವರಿಗೂ ಈ ತಾಪತ್ರಯವಿಲ್ಲ. ಅವರ ಹೊತ್ತಿಗೆಗೆ ಫೋಟೋ ಬೇಕಿಲ್ಲ.

ತಾಪತ್ರಯ ಶುರುವಾದದ್ದು ಜೆಡ್‌ಕಾಮ್‌ನಿಂದ. ಮಾರ್ಮನ್ ಚರ್ಚು ರೂಪಿಸಿದ, ವಂಶವೃಕ್ಷ ತಂತ್ರಾಂಶಗಳೆಲ್ಲ ಪರಸ್ಪರ ಮಾತಾಡುವ ಕಡತದ ನಮೂನೆ ಇದು. ಬಹುಕಾಲದಿಂದ ಚಾಲ್ತಿಯಲ್ಲಿರುವ 5.5.1 ಆವೃತ್ತಿಯ ಕಡತದೊಳಗೆ ಫೋಟೋ ಇರುವುದಿಲ್ಲ, ಫೋಟೋ ಎಲ್ಲಿದೆಯೆಂಬ ವಿಳಾಸವಷ್ಟೇ ಇರುತ್ತದೆ. ವಿಳಾಸ ಬದಲಾದರೆ ಫೋಟೋದೊಳಗಿನ ಆಯಿ ಮಾಯ. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುವ ಸೌಲಭ್ಯ 2021ರ 7.0 ಆವೃತ್ತಿಯಲ್ಲಿ ಬಂತು. ಕಾಕಾನ ತಂತ್ರಾಂಶಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ವರ್ಗೀಕರಣ

ಕಡಿದ ಕೊಂಡಿಗಳು ಏಳು ವಿಧ.

ಒಂದು, ಅಕ್ಷರಚ್ಯುತಿ. ರಾಯಚೂರಿನಲ್ಲಿ ಡ್ರೈವಿನ ಅಕ್ಷರ ಝಡ್. ಪೆನ್‌ಡ್ರೈವಿಗೆ ನಕಲಿಸಿ ದೇವದುರ್ಗಕ್ಕೆ ಒಯ್ದರೆ ಅದು ಇ. ತಂತ್ರಾಂಶ ಝಡ್ ಎಂದೇ ಹಟ ಹಿಡಿಯುತ್ತದೆ.

ಎರಡು, ಓರೆಗೆರೆ ದೋಷ. ವಿಂಡೋಸ್‌ನ ಓರೆಗೆರೆ ಒಂದು ಕಡೆ ವಾಲಿದರೆ ಲಿನಕ್ಸ್‌ನದು ಇನ್ನೊಂದು ಕಡೆ. ಸಣ್ಣಕ್ಷರ, ದೊಡ್ಡಕ್ಷರ ಎಂದು ಲಿನಕ್ಸ್ ಭೇದವನ್ನೂ ಎಣಿಸುತ್ತದೆ.

ಮೂರು, ಛಿನ್ನ-ಓತ್ವ ದೋಷ. ಇದು ನಮ್ಮಂಥವರಿಗೇ ಮೀಸಲು. ಅತ್ತಿಯ ಮಗ ಬೆಂಗಳೂರಿನಲ್ಲಿ ಹಳೆಯ ಮ್ಯಾಕ್ ಕಂಪ್ಯೂಟರಿನಿಂದ ‘ಗೋದಾವರಿ ಆಯಿ’ ಎಂದು ಕಡತಕ್ಕೆ ಹೆಸರಿಟ್ಟ. ಅದು ಗೋ ಅಕ್ಷರದ ಓತ್ವವನ್ನು ಮೂರು ಚೂರು ಮಾಡಿ ಇಟ್ಟುಕೊಂಡಿತು. ವಿಂಡೋಸ್‌ನಲ್ಲಿ ಟೈಪ್ ಮಾಡಿದ ಗೋ ಒಂದೇ ತುಂಡು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಇಬ್ಬರು ಆಯಿಯರು.

ನಾಲ್ಕರಿಂದ ಏಳನ್ನು ಆಸಕ್ತರು ಊಹಿಸಿಕೊಳ್ಳಬೇಕು. ಏಳು ಅಂದರೆ ಪ್ರಬಂಧಕ್ಕೆ ತೂಕ ಬರುತ್ತದೆ, ಅಷ್ಟೇ.

ಪರಿಹಾರವನ್ನು ನೇರವಾಗಿ ಹೇಳಿಬಿಡುತ್ತೇನೆ, ಪರಿಭಾಷೆ ಸಾಕಾಗಿದೆ. ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶದ ಸೆಟ್ಟಿಂಗಿನಲ್ಲಿ ಫೋಟೋಗಳ ಮೂಲ ಫೋಲ್ಡರ್ ಯಾವುದೆಂದು ಒಮ್ಮೆ ತೋರಿಸಬೇಕು. ಅದರಲ್ಲೇ ಇರುವ ಮೀಡಿಯಾ ಮ್ಯಾನೇಜರಿನಿಂದ ಎಲ್ಲ ವಿಳಾಸಗಳನ್ನೂ ‘ಆ ಫೋಲ್ಡರಿನಿಂದ ಮುಂದಕ್ಕೆ’ ಎಂಬಂತೆ ಬದಲಿಸಿಕೊಳ್ಳಬೇಕು. ಆಮೇಲೆ ಫೋಟೋಗಳನ್ನು ಒಳಗಿನ ಫೋಲ್ಡರುಗಳ ಸಮೇತ ಹಾಗೇ ನಕಲಿಸಿಕೊಂಡರೆ, ಯಾವ ಊರಿನ ಯಾವ ಲ್ಯಾಪ್‌ಟಾಪಾದರೂ ಮೂಲ ಫೋಲ್ಡರನ್ನಷ್ಟೇ ತಿದ್ದಿದರಾಯಿತು. ಕಡತದ ಹೆಸರಿಗೆ ಇಂಗ್ಲಿಷ್ ಸಣ್ಣಕ್ಷರ ಸಾಕು. ಕನ್ನಡವನ್ನು ಹೆಸರಿನ ಕಾಲಂನಲ್ಲಿ ಧಾರಾಳವಾಗಿ ಬರೆಯಿರಿ.

ಕ್ಷೇತ್ರಕಾರ್ಯ

ಹೀಗೆ ಕೊಂಡಿಗಳು ಕೂಡಿಕೊಂಡವು, ಮುಖಗಳು ಬಂದವು. ಒಂದು ಮದುವೆಯ ಗ್ರೂಪ್ ಫೋಟೋ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿದ್ದರು. ಕುರ್ಚಿಯಲ್ಲಿ ಕೂತ ಗಂಡಸರ ಹೆಸರುಗಳು ಹುದ್ದೆ ಸಮೇತ, ನೀಲಿ ಶಾಯಿಯಲ್ಲಿ, ದುಂಡಗೆ. ನೆಲದ ಮೇಲೆ ಕೂತ ಹೆಂಗಸರ ಸಾಲಿಗೆ ಬರೆದದ್ದು ಇಷ್ಟು: ‘ಮನೆಯ ಹೆಣ್ಣುಮಕ್ಕಳು’. ತಂತ್ರಾಂಶ ಹೆಸರು ಕೇಳುತ್ತದೆ, ಹುಟ್ಟಿದ ದಿನ ಕೇಳುತ್ತದೆ. ಗಂಡಸರದ್ದು ಜೂನ್ 1, ಹೆಚ್ಚುಕಡಿಮೆ ಎಲ್ಲರದ್ದೂ. ಶಾಲೆಯ ಮಾಸ್ತರು ದಯಪಾಲಿಸಿದ್ದು. ಶಾಲೆಗೆ ಹೋಗದ ಹೆಂಗಸರಿಗೆ ಆ ಸುಳ್ಳು ತಾರೀಖೂ ಇಲ್ಲ.

ಇಲ್ಲಿ ಪಾಂಡಿತ್ಯವನ್ನು ಬದಿಗಿಡುತ್ತೇನೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದು ಹೊಲಕ್ಕೆ ಬೆಲೆ ಬಂದಾಗ, ಪೌತಿ ಖಾತೆಗೆ ವಂಶವೃಕ್ಷದ ಪ್ರಮಾಣಪತ್ರ ಬೇಕಾದಾಗ, ಇದೇ ಹೆಣ್ಣುಮಕ್ಕಳ ಹೆಸರುಗಳು ಅಡ್ಡಹೆಸರಿನ ಸಮೇತ ಎಲ್ಲರಿಗೂ ನೆನಪಾಗುತ್ತವೆ. ಯಾಕೆ? ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು! ಸೀರೆಯೊಂದನ್ನು ಕೊಟ್ಟು ಕಳಿಸಲು! ಮಗಳಿಗೂ ಸಮಪಾಲು ಎಂದು ಕರ್ನಾಟಕ ಕಾನೂನು ಮಾಡಿದ್ದು 1994ರಲ್ಲಿ, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಪಾಲು ಹೋಗಲಿ, ಫೋಟೋದ ಹಿಂದೆ ಹೆಸರು ಬರೆಯಲು ಶಾಯಿ ಸಾಲಲಿಲ್ಲವೇ? ಗುಳೆ ಹೋದ ಮನೆಗಳಲ್ಲಂತೂ ಅಜ್ಜಿಯ ಫೋಟೋ ಅಂದರೆ ರೇಷನ್ ಕಾರ್ಡಿನ ಮೇಲಿನ ಕಪ್ಪು ಮಸಿಯಷ್ಟೇ. ಅದಕ್ಕೆ ಯಾವ ಡ್ರೈವೂ ಬೇಕಿಲ್ಲ.

ಉಪಲಬ್ಧಿ

ನೆಲದ ಮೇಲೆ ಕೂತವರನ್ನು ಗುರುತಿಸಬಲ್ಲವರು ಈಗ ಉಳಿದಿರುವುದು ಒಬ್ಬರೇ, ಮಾನ್ವಿಯ ಅತ್ತಿ. ಕಾಕಾ ಲ್ಯಾಪ್‌ಟಾಪ್ ಹಿಡಿದು ಹೋದರು. ಅತ್ತಿ ಕನ್ನಡಕ ಒರೆಸಿಕೊಂಡು, ಪರದೆಗೆ ಬೆರಳು ತಾಗಿಸಿ, ಎಡದಿಂದ ಒಬ್ಬೊಬ್ಬರನ್ನೇ ಹೇಳುತ್ತ ಹೋದರು: ಯಾವ ಊರಿನವಳು, ಯಾರ ಮಗಳು, ಎಷ್ಟು ಹಡೆದಳು, ಎಷ್ಟು ಉಳಿದವು. ಕೊನೆಯಾಕೆಯ ಹತ್ತಿರ ಬೆರಳು ನಿಂತಿತು.

“ಈಕಿ ಯಾರಬೇ ಅಕ್ಕಾ?”

“ಗೊತ್ತೈತಿ. ಹೇಳಂಗಿಲ್ಲ. ನನ್ನ ಕೊರಳಾಗಿನ ಟೀಕಿ ಇಸಕೊಂಡು ಹೋದಾಕಿ ಇವತ್ತಿನ ತನಾ ಕೊಟ್ಟಿಲ್ಲ.”

ಆಕೆ ಸತ್ತು ಎಷ್ಟೋ ವರ್ಷವಾಯಿತಲ್ಲ ಎಂದು ಕಾಕಾ ಅಂದರು. ಟೀಕಿ ಸತ್ತಿಲ್ಲ ಎಂದು ಅತ್ತಿ ಅಂದರು. ತಂತ್ರಾಂಶದ ಟಿಪ್ಪಣಿ ಕಾಲಂನಲ್ಲಿ ಕಾಕಾ ಸದ್ಯಕ್ಕೆ ಬರೆದಿಟ್ಟಿದ್ದಾರೆ: ‘ಹೆಸರು ಲಭ್ಯವಿದೆ. ಅಕ್ಕ ಬಿಡುತ್ತಿಲ್ಲ.’