ಮೊಸಿನ್ ಮೌಲ್ಯ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದ ಗನ್ ಶೋಗಳಲ್ಲಿ ಮಡಚುವ ಮೇಜಿನ ಮೇಲೆ ಸಾಲಾಗಿ ಮಲಗಿರುವ ಪರದೇಶದ ಹಳೇ ಮಿಲಿಟರಿ ರೈಫಲ್ಲಿಗೆ ಬೆಲೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಇಲ್ಲಿನ ವಿಷಯ. ಕೊಟ್ಟ ದುಡ್ಡಿಗೆ ಮನೆಯಲ್ಲಿ ಉತ್ತರ ಹೇಳುವಂತಾಗುವುದು ಪ್ರಯೋಜನ. ಮಾರುವವನಿಗೂ ಕೊಳ್ಳುವವನಿಗೂ ಪರಸ್ಪರ ಇರುವ ಅನುಮಾನವೇ ಸಂಬಂಧ.

ಅಧಿಕಾರಿ ಯಾರೆಂಬುದನ್ನು ಮಾತ್ರ ಆಚಾರ್ಯರ ವಿವೇಚನೆಗೆ ಬಿಡದೆ ಅಮೆರಿಕದ ಸರ್ಕಾರವೇ ಹೇಳಿದೆ. ಹೆಂಡ, ತಂಬಾಕು, ಬಂದೂಕು, ಸಿಡಿಮದ್ದುಗಳನ್ನು ಒಂದೇ ಸೂರಿನಡಿ ನೋಡಿಕೊಳ್ಳುವ ಎಟಿಎಫ್ ಎಂಬ ಇಲಾಖೆ, 50 ವರ್ಷ ತುಂಬಿ ಮೂಲರೂಪದಲ್ಲೇ ಉಳಿದಿರುವ ಬಂದೂಕನ್ನು ‘ಕ್ಯೂರಿಯೋ ಅಂಡ್ ರೆಲಿಕ್’ ಎಂದು ಗೌರವಿಸುತ್ತದೆ. (ಮನುಷ್ಯನಿಗೆ 50 ತುಂಬಿದರೆ ಸಿಗುವುದು ಬಿ.ಪಿ. ಮಾತ್ರೆ.) 30 ಡಾಲರ್ ಕಟ್ಟಿ ಸಂಗ್ರಾಹಕನ ಲೈಸೆನ್ಸ್ ಪಡೆದವನಿಗೆ 3 ವರ್ಷ ಅಂಥ ಬಂದೂಕನ್ನು ಹೊರರಾಜ್ಯದಿಂದಲೂ ತರಿಸಿಕೊಳ್ಳುವ ಯೋಗ; ಬಂದದ್ದು ಹೋದದ್ದೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಎಚ್-1ಬಿ ವೀಸಾದ ಮೇಲೆ ಹೋದ ನಮ್ಮ ಕನ್ನಡಿಗರಿಗೆ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಅಧಿಕಾರವಿಲ್ಲ. ಆದರೆ ಯಾವುದಾದರೊಂದು ರಾಜ್ಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಆ ನಿಷೇಧ ಸಡಿಲವಾಗುತ್ತದೆ. ಹೀಗಾಗಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಸಾಫ್ಟ್‌ವೇರ್ ಇಂಜಿನಿಯರು ಗೋಡೆಗೊಂದು ರೈಫಲ್ ನೇತುಹಾಕಬೇಕೆಂದರೆ ಮೊದಲು ಜಿಂಕೆ ಹೊಡೆಯಲು ಅನುಮತಿ ಬೇಡಬೇಕು. ಹೊಡೆಯಲೇಬೇಕೆಂದು ಕಾನೂನು ಹೇಳಿಲ್ಲ. ಧರ್ಮಸೂಕ್ಷ್ಮ ಇರುವುದು ಅಲ್ಲಿ.

ಇನ್ನು ದೃಷ್ಟಾಂತ. ಎಲ್ಲ ರೈಫಲ್‌ಗಳನ್ನೂ ಹಿಡಿದರೆ ಗ್ರಂಥ ಬೆಳೆದೀತೆಂದು ರಷ್ಯದ ಮೊಸಿನ್-ನಾಗಾಂ ಒಂದನ್ನೇ ಹಿಡಿಯುತ್ತೇವೆ. ಇದರ ವಿನ್ಯಾಸ ಸೆರ್ಗೇಯ್ ಮೊಸಿನ್ ಎಂಬ ಸೇನಾಧಿಕಾರಿಯದು. ಬೆಲ್ಜಿಯಮ್ಮಿನ ಲೀಯೆಜ್ ನಗರದ ಲಿಯೋನ್ ನಾಗಾಂ ಅದರಲ್ಲಿ ತನ್ನದೂ ಪಾಲಿದೆಯೆಂದ. ಜಾರನ ಸರ್ಕಾರ ಇಬ್ಬರ ಹೆಸರನ್ನೂ ಕೈಬಿಟ್ಟು ‘1891ರ ಮೂರು ಗೆರೆಯ ರೈಫಲ್’ ಎಂದು ನಾಮಕರಣ ಮಾಡಿತು. ಒಂದು ಗೆರೆ ಎಂದರೆ ಇಂಚಿನ ಹತ್ತನೇ ಒಂದು ಭಾಗ; ಮೂರು ಗೆರೆ ಸೇರಿದರೆ ನಳಿಕೆಯ ಒಳಅಳತೆ 7.62 ಮಿಲಿಮೀಟರ್. ಒಟ್ಟು ತಯಾರಾದದ್ದು ಸುಮಾರು 3.7 ಕೋಟಿ. 1981ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ; ತೊಟ್ಟಿಲ ಕೂಸುಗಳನ್ನೂ ಸೇರಿಸಿ ಆಳಿಗೊಂದರಂತೆ ಹಂಚಬಹುದಿತ್ತು. ಇಂಥ ವಸ್ತುವನ್ನು ವಿರಳವೆಂದು ಸಾಧಿಸುವುದು ನಮ್ಮ ಶಾಸ್ತ್ರದ ಹೊಣೆ.

ಇಲ್ಲಿ ತಾರ್ಕಿಕರು ನೆರವಿಗೆ ಬರುತ್ತಾರೆ. ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಒಪ್ಪಿದ್ದಾರಲ್ಲ, ಹಳೇ ರೈಫಲ್ಲಿನ ಬೆಲೆಯೆಲ್ಲ ಆ ಪದಾರ್ಥದಲ್ಲೇ ಅಡಗಿದೆ ಎಂಬುದು ನಮ್ಮ ಸಿದ್ಧಾಂತ. ಕಬ್ಬಿಣಕ್ಕೂ ಕಟ್ಟಿಗೆಗೂ ಕೊಡುವ ದುಡ್ಡು ಅಲ್ಪ. ಉಳಿದದ್ದೆಲ್ಲ ಅದರಲ್ಲಿ ಏನು ಇಲ್ಲವೋ ಅದಕ್ಕೆ.

ಅಥ ಗ್ರೀಸ್ ಪ್ರಕರಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಡಿಪೋಗಳು ಈ ರೈಫಲ್‌ಗಳನ್ನು ಬಿಚ್ಚಿ, ಉಜ್ಜಿ, ಕಪ್ಪು ಹಾಕಿ, ಹಿಡಿಗೆ ಕೆಂಪನೆಯ ಅರಗು ಬಳಿದು, ಮೈತುಂಬ ಗ್ರೀಸ್ ಮೆತ್ತಿ, ಮರದ ಪೆಟ್ಟಿಗೆಗೆ 20ರಂತೆ ತುಂಬಿ ಮುಂದಿನ ಯುದ್ಧಕ್ಕೆಂದು ಎತ್ತಿಟ್ಟವು. ಆ ಯುದ್ಧ ಬರಲಿಲ್ಲ, 1991 ಬಂತು. ಪೆಟ್ಟಿಗೆಗಳು ಯಾವ ಶತ್ರುವಿಗಾಗಿ ಕಾದಿದ್ದವೋ ಆ ಶತ್ರುವಿನ ದೇಶಕ್ಕೇ ಹಡಗು ಹತ್ತಿದವು. 2000ದ ದಶಕದಲ್ಲಿ ಒಂದಕ್ಕೆ 100 ಡಾಲರ್ ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತಿತ್ತು. ಬೆಲ್ಟು, ಚುಚ್ಚುಗತ್ತಿ, ಎರಡು ಮೂತಿಯ ಎಣ್ಣೆ ಡಬ್ಬಿ ಎಲ್ಲ ಅದರಲ್ಲೇ. ಈಗ ಅದೇ ರೈಫಲ್ಲಿಗೆ ಕೆಲವು ನೂರು ಡಾಲರ್.

ಈ ಗ್ರೀಸಿಗೆ ಅಮೆರಿಕದವರು ಕಾಸ್ಮೊಲಿನ್ ಎನ್ನುತ್ತಾರೆ. ಕಂದು ಬಣ್ಣ, ಮೇಣದ ಜಿಗುಟು, ಸೀಮೆಎಣ್ಣೆಯ ಕಡೆಯವರೆಂದು ತಿಳಿಯುವ ವಾಸನೆ. ತೆಗೆಯುವ ವಿಧಾನದಲ್ಲಿ ಮತಭೇದಗಳಿವೆ. ಕುದಿನೀರು ಹೊಯ್ಯುವವರು ಒಂದು ಪಂಥ. ಟರ್ಪೆಂಟೈನಿನ ಬಳಗದ ದ್ರಾವಕದಲ್ಲಿ ಅದ್ದುವವರು ಇನ್ನೊಂದು. ಮೂರನೆಯವರು ಹಿಡಿಯನ್ನು ಕಪ್ಪು ಕಸದ ಚೀಲದಲ್ಲಿ ಸುತ್ತಿ ಬೇಸಿಗೆಯ ಮಧ್ಯಾಹ್ನ ಕಾರಿನೊಳಗೆ ಬೇಯಲು ಬಿಡುತ್ತಾರೆ. ಸಂಜೆಗೆ ಗ್ರೀಸ್ ಕರಗಿ ಇಳಿದಿರುತ್ತದೆ, ವಾಸನೆ ಕಾರು ಮಾರುವವರೆಗೂ ಇರುತ್ತದೆ. ಎಲ್ಲ ಆದ ಮೇಲೂ ನಳಿಕೆಯ ಬುಡದಲ್ಲಿ ಒಂದಿಷ್ಟು ಉಳಿದು, ನಾಲ್ಕು ಗುಂಡು ಹಾರಿಸಿದ ಬಿಸಿಗೆ ಬೋಲ್ಟು ಕಚ್ಚಿಕೊಂಡರೆ ಮರದ ತುಂಡಿನಿಂದ ಹೊಡೆದು ತೆಗೆಯಬೇಕು. ನಾಲ್ಕನೆಯ ಪಂಥದವರು ಗ್ರೀಸನ್ನು ಮುಟ್ಟುವುದೇ ಇಲ್ಲ. ಉಪಯೋಗದ ಅಭಾವಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇರೆ ಇಲ್ಲವೆಂದು ಅವರ ವಾದ.

ಅಂಕ ಪ್ರಕರಣ ಸ್ವಲ್ಪ ಕಠಿಣ. ನಳಿಕೆಯ ಬುಡ, ಬೋಲ್ಟು, ಹಿಡಿಯ ಹಿಂದಿನ ತಗಡು, ಮ್ಯಾಗಜಿನ್ನಿನ ತಳ, ಈ ನಾಲ್ಕರ ಮೇಲೂ ಒಂದೇ ಕ್ರಮಸಂಖ್ಯೆ ಇರಬೇಕು. ಹೆಣ್ಣು ಗಂಡಿನ ಜಾತಕ ಕೂಡಿಸಿದ ಹಾಗೆ ಸಂಗ್ರಾಹಕ ಟಾರ್ಚ್ ಹಿಡಿದು ಮೊದಲು ನೋಡುವುದು ಇದನ್ನೇ. ಆದರೆ ಡಿಪೋದಲ್ಲಿ ಬಿಚ್ಚಿದ ಭಾಗಗಳೆಲ್ಲ ಒಂದೇ ರಾಶಿಗೆ ಬಿದ್ದು, ಜೋಡಿಸುವಾಗ ಕೈಗೆ ಸಿಕ್ಕಿದ್ದು ಸಿಕ್ಕಿದ್ದಕ್ಕೆ ಸೇರಿತು. ಆಮೇಲೆ ಹಳೆಯ ಸಂಖ್ಯೆಯ ಮೇಲೊಂದು ಗೀರೆಳೆದು ಪಕ್ಕದಲ್ಲಿ ಹೊಸದನ್ನು ಒತ್ತಿದರು. ಬೇಸರ ಬಂದ ಕಡೆ ವಿದ್ಯುತ್ ಲೇಖನಿಯಿಂದ ಗೀಚಿದರು. ಅಂದರೆ ಜಾತಕ ಕೂಡಿದೆ, ಮದುವೆಯಾದ ಮೇಲೆ ತಿದ್ದಿದ್ದು. ಇಂಥದಕ್ಕೆ ಬೆಲೆ ಅರ್ಧ ಮರ್ಯಾದೆಯದು. ಗೀರಿಲ್ಲದಿರುವುದೇ ಗುಣ ಎಂಬಲ್ಲಿ ಅಭಾವವಾದ ಮತ್ತೆ ಗೆಲ್ಲುತ್ತದೆ.

ಮುದ್ರಾ ಪ್ರಕರಣದಲ್ಲಿ ನಕ್ಷತ್ರವಿದ್ದರೆ ತೂಲಾ, ತ್ರಿಕೋನದೊಳಗೆ ಬಾಣವಿದ್ದರೆ ಇಝೆವ್ಸ್ಕ್, ಚೌಕಕ್ಕೆ ಕರ್ಣರೇಖೆ ಎಳೆದಿದ್ದರೆ ರಿಪೇರಿ ಕಂಡದ್ದು. ಇವೆಲ್ಲ ಪೂಜ್ಯ. ಅಪೂಜ್ಯವಾದ ಮುದ್ರೆ ಒಂದಿದೆ: 1968ರ ಅಮೆರಿಕದ ಕಾಯ್ದೆಯ ಪ್ರಕಾರ ಆಮದುದಾರ ತನ್ನ ಹೆಸರು, ಊರುಗಳನ್ನು ಲೋಹದ ಮೇಲೆ ಕೊರೆಸಬೇಕು. ಈ ಒಂದು ಸಾಲು ಇಲ್ಲದ ರೈಫಲ್ ಸಿಕ್ಕರೆ ಯಾರೋ ಸೈನಿಕ ಯುದ್ಧದಿಂದ ತಾನೇ ಹೊತ್ತು ತಂದದ್ದೆಂದು ಊಹಿಸಿ ಬೆಲೆ ಏರಿಸುತ್ತಾರೆ. ಮೇಲಧಿಕಾರಿ ಸಹಿ ಮಾಡಿದ ವಶಪತ್ರವೂ ಜೊತೆಗಿದ್ದರೆ ರೈಫಲ್ಲಿಗಿಂತ ಕಾಗದವನ್ನೇ ಹೆಚ್ಚು ಜೋಪಾನ ಮಾಡುತ್ತಾರೆ.

ಇದರ ಪರಾಕಾಷ್ಠೆ ಹೀಗಿದೆ. ಮೊದಲ ಮಹಾಯುದ್ಧದಲ್ಲಿ ಕೈಸಾಲದ ಜಾರ್ ಸರ್ಕಾರ ಅಮೆರಿಕದ ರೆಮಿಂಗ್ಟನ್ ಮತ್ತು ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ಕಂಪನಿಗಳಿಗೆ ಲಕ್ಷಗಟ್ಟಲೆ ಮೊಸಿನ್‌ಗಳ ಆರ್ಡರ್ ಕೊಟ್ಟಿತ್ತು. ಅವುಗಳಲ್ಲಿ ಕೆಲವು ರಷ್ಯಕ್ಕೆ ಹೋಗಿ, ಅಲ್ಲಿಂದ ಫಿನ್ಲೆಂಡಿನ ಪಾಲಾಗಿ, ಚೌಕಟ್ಟಿನೊಳಗೆ ಎಸ್‌ಎ ಎಂಬ ಫಿನ್ನಿಶ್ ಸೇನೆಯ ಠಸ್ಸೆ ಹಾಕಿಸಿಕೊಂಡು, ಕೊನೆಗೆ ಅಮೆರಿಕದ ಹರಾಜುದಾರರ ಕೈಗೆ ಬಂದವು. ತವರಿಗೆ ಬಂದ ಮಗಳ ಹಣೆಯ ಮೇಲೆ ‘ಆಮದು’ ಎಂದು ಕೊರೆದದ್ದು ಕಾನೂನು. ಆಕೆಯ ಮೇಲೆ ಈಗ ಮೂರು ದೇಶದ ಗುರುತುಗಳಿವೆ. ಎರಡು ಬೆಲೆ ಏರಿಸುತ್ತವೆ, ಸ್ವದೇಶದ ಹೊಸದೊಂದು ಇಳಿಸುತ್ತದೆ.

ಶಬ್ದಪ್ರಮಾಣ, ಅಂದರೆ ಮಾರುವವನ ಬಾಯಿ. ರೈಫಲ್ ಕೊಳ್ಳು, ಕಥೆ ಕೊಳ್ಳಬೇಡ ಎಂದು ಈ ಸಂಪ್ರದಾಯದ ಹಿರಿಯರು ಎಚ್ಚರಿಸಿದ್ದಾರೆ. ಕಥೆಯಿಲ್ಲದ ರೈಫಲ್ ಯಾರೂ ಮಾರುವುದಿಲ್ಲ. 1939-40ರ ಚಳಿಗಾಲದ ಯುದ್ಧದಲ್ಲಿ ಸಿಮೊ ಹೈಹಾ ಎಂಬ ಫಿನ್ನಿಶ್ ರೈತ ಮೊಸಿನ್ನಿನ ಫಿನ್ನಿಶ್ ರೂಪ ಹಿಡಿದು ಐನೂರಕ್ಕೂ ಹೆಚ್ಚು ಜನರನ್ನು ಕೊಂದನೆಂಬ ಖ್ಯಾತಿ ಇದೆ. ಅಂದಿನಿಂದ ಎಸ್‌ಎ ಠಸ್ಸೆಯ ಪ್ರತಿ ಕೋವಿಯೂ ಅವನ ಪಕ್ಕದ ಗುಂಡಿಯಲ್ಲೇ ಇದ್ದದ್ದು. 2001ರಲ್ಲಿ ಸ್ಟಾಲಿನ್‌ಗ್ರಾಡ್ ಸ್ನೈಪರ್ ಝೈತ್ಸೆವ್‌ನ ಸಿನಿಮಾ ‘ಎನಿಮಿ ಅಟ್ ದಿ ಗೇಟ್ಸ್’ ಬಂದ ಮೇಲಂತೂ ದೂರದರ್ಶಕವಿರುವ ಮೊಸಿನ್ ಎಲ್ಲರಿಗೂ ಬೇಕು. ನಕಲಿಗಳೂ ಹುಟ್ಟಿದವು. ಸ್ವಾರಸ್ಯವಿರುವುದು ಇನ್ನೊಂದು ಜಾತಿಯಲ್ಲಿ: ಯುದ್ಧಾನಂತರ ದೂರದರ್ಶಕ ಕಿತ್ತು, ತಿರುಪಿನ ತೂತುಗಳನ್ನು ಮುಚ್ಚಿ, ಸಾಧಾರಣ ಸಿಪಾಯಿಯ ರೈಫಲ್ ಆಗಿ ಮಾರ್ಪಡಿಸಿದವು. ಕಟ್ಟಿಗೆ ಎತ್ತಿ, ಎಡಬದಿಯ ಉಕ್ಕಿನ ಮೇಲೆ ಎರಡು ದುಂಡನೆಯ ಕಲೆ ಕಂಡ ಸಂಗ್ರಾಹಕನ ಉಸಿರು ಬದಲಾಗುತ್ತದೆ. ಅವನು ದುಡ್ಡು ಕೊಡುವುದು ಇಲ್ಲದ ಗಾಜಿಗೆ, ಇಲ್ಲವಾದ ತೂತಿಗೆ.

ಸರ್ಕಾರವೂ ಅಭಾವವನ್ನು ಉತ್ಪಾದಿಸಬಲ್ಲದು. 1989ರಲ್ಲಿ 43 ಮಾದರಿಯ ಅರೆಸ್ವಯಂಚಾಲಿತ ರೈಫಲ್‌ಗಳ ಆಮದು ನಿಂತಿತು. 1994ರಲ್ಲಿ ಚೀನಾದ ಬಂದೂಕುಗಳಿಗೆ ಬಾಗಿಲು ಹಾಕಿದರು. ಕಪಾಟಿನೊಳಗಿದ್ದವು ರಾತ್ರೋರಾತ್ರಿ ಒಂದು ಗುಲಗಂಜಿಯೂ ಬದಲಾಗಲಿಲ್ಲ, ಬೆಲೆ ಬದಲಾಯಿತು.

ನಮ್ಮ ಇಷಾಪುರದ ಬಗ್ಗೆ ಎರಡು ಮಾತು ಹೇಳದಿದ್ದರೆ ದೇಶಾಭಿಮಾನಿಗಳು ಮುನಿದಾರು. ಕೋಲ್ಕತ್ತದ ಬಳಿ ಹೂಗ್ಲಿ ದಂಡೆಯ ಆ ಕಾರ್ಖಾನೆ, 1962ರ ಚೀನಾ ಯುದ್ಧದ ಬೆನ್ನಿಗೆ, ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ .303 ರೈಫಲ್ಲಿನ ಮೈಕಟ್ಟಿಗೇ 7.62 ಮಿಲಿಮೀಟರಿನ ಗುಂಡು ಹೊಂದಿಸಿ 2ಎ, 2ಎ1 ಎಂಬ ರೈಫಲ್‌ಗಳನ್ನು ಮಾಡಿತು. ಅವು ಅಮೆರಿಕಕ್ಕೂ ಹೋದವು. ಮುಂಭಾಗದ ಕಟ್ಟಿಗೆ ಸೀಳದಂತೆ ಅಡ್ಡಲಾಗಿ ಬಿಗಿದ ಒಂದು ತಿರುಪಿದೆ, ಅದನ್ನು ಅಲ್ಲಿನವರು ಇಷಾಪುರದ ಹೆಸರಿನಿಂದಲೇ ಗುರುತಿಸುತ್ತಾರೆ. ಕೆಲವನ್ನು ಕತ್ತರಿಸಿ ‘ಜಂಗಲ್ ಕಾರ್ಬೈನ್’ ವೇಷ ಹಾಕಿ ಮಾರಿದ್ದೂ ಉಂಟು. ಹೀಗೆ ಗರಗಸ ಹಿಡಿಯುವವನನ್ನು ಸಂಗ್ರಾಹಕರು ‘ಬಬ್ಬಾ’ ಎಂದು ಶಪಿಸುತ್ತಾರೆ. ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲದ ಪಾಪ ಅದೊಂದೇ.

ಪೂರ್ವಪಕ್ಷಿಯೊಬ್ಬ ಇಲ್ಲಿಯವರೆಗೆ ಸುಮ್ಮನಿದ್ದವನು ಕೇಳುತ್ತಾನೆ: ಅದೆಲ್ಲ ಸರಿ ಸ್ವಾಮಿ, ಹೊಡೆದರೆ ಗುರಿಗೆ ತಾಗುತ್ತದೆಯೇ?

ಪ್ರಶ್ನೆ ಶಾಸ್ತ್ರದ ಹೊರಗಿನದು. ಆದರೂ ಹೇಳುತ್ತೇವೆ. ಮೊಸಿನ್ನಿನ ಹಳೇ ಮಿಲಿಟರಿ ಗುಂಡುಗಳು 440ರ ಲೆಕ್ಕದಲ್ಲಿ ತಗಡಿನ ಡಬ್ಬಿಯಲ್ಲಿ ಮೊಹರಾಗಿ ಬರುತ್ತಿದ್ದವು. ಅವು ನಳಿಕೆಯಲ್ಲಿ ತುಕ್ಕಿಗೆ ದಾರಿ ಮಾಡುವ ಉಪ್ಪು ಉಳಿಸುವುದರಿಂದ ಹಾರಿಸಿದ ದಿನವೇ ನೀರು ಹಾಕಿ ತೊಳೆಯಬೇಕು. 2021ರಲ್ಲಿ ರಷ್ಯದ ಮದ್ದುಗುಂಡಿನ ಆಮದಿಗೂ ಅಮೆರಿಕ ಕಡಿವಾಣ ಹಾಕಿದ ಮೇಲೆ ಒಡೆಯದ ಡಬ್ಬಿಗೇ ಬೆಲೆ ಬಂದಿದೆ. ಆದ್ದರಿಂದ ಗ್ರೀಸ್ ತೆಗೆಯದ ರೈಫಲ್ಲಿನ ಪಕ್ಕದಲ್ಲಿ ಮೊಹರು ಒಡೆಯದ ಡಬ್ಬಿ ಇಡುವುದು ಉತ್ತಮ ಪಕ್ಷ. ಡಬ್ಬಿ ತೆರೆಯುವ ಉಕ್ಕಿನ ಕೀಲಿಯನ್ನು ಬೇರೆಯಾಗಿ ಮಾರುತ್ತಾರೆ. ಅದರ ಮೇಲೆ ಕ್ರಮಸಂಖ್ಯೆ ಇಲ್ಲವಾದ್ದರಿಂದ ಅದು ಕೂಡುತ್ತದೋ ಇಲ್ಲವೋ ಎಂಬ ಚರ್ಚೆಯನ್ನು ಎರಡನೇ ಸಂಪುಟಕ್ಕೆ ಬಿಟ್ಟಿದೆ.